ಹೊಂಡದಂಚಿನ ಕಪ್ಪೆಮರಿಗಳು

ಮುಂಗಾರು ಹಿಡಿದ ಮೇಲೆ ಒಂದು ಸಂಜೆ ನಿಮ್ಮ ಕೃಷಿಹೊಂಡದ ಬಳಿ ಕುಳಿತು ನೋಡಿರಿ. ಗೊದಮೊಟ್ಟೆಗಳಿಗೆ ಮೊದಲು ಹಿಂಗಾಲು, ಆಮೇಲೆ ಮುಂಗಾಲು ಮೂಡುತ್ತವೆ. ಬಾಲ ಉದುರುವುದಿಲ್ಲ, ದೇಹದೊಳಕ್ಕೇ ಕರಗುತ್ತದೆ. ಆ ಕೆಲವು ದಿನ ಮರಿ ಏನನ್ನೂ ತಿನ್ನದು, ಬಾಲವೇ ಅದರ ಬುತ್ತಿ.

ಇದನ್ನು ಮೊಬೈಲಿನಲ್ಲಿ ಚಿತ್ರೀಕರಿಸಲು ಹೋಗಿ ನಾನು ಎರಡು ಸಂಜೆ ಸೋತೆ. ನೆರಳು ಬಿದ್ದೊಡನೆ ಎಲ್ಲವೂ ಕೆಸರಿಗಿಳಿದವು. ಮೂರನೆಯ ಸಂಜೆ ಫೋನನ್ನು ಕಲ್ಲಿಗೆ ಒರಗಿಸಿ ದೂರ ಸರಿದೆ. ಮೋಟುಬಾಲದ ಮರಿಯೊಂದು ಬದು ಹತ್ತಿ ಭತ್ತದ ಗದ್ದೆಗೆ ಇಳಿದದ್ದು ದಾಖಲಾಯಿತು.

ಗದ್ದೆಯ ಹುಳುಗಳನ್ನು ಹಿಡಿಯುವ ಈ ಆಳು ತೊಗಲಿನಿಂದಲೂ ಉಸಿರಾಡುತ್ತದೆ. ಕೀಟನಾಶಕವೂ ಅದೇ ತೊಗಲಿನ ಮೂಲಕ ಒಳಸೇರುತ್ತದೆ. ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಷೇಧಿಸಿತು. ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ತೊಳೆಯುವುದನ್ನು ನಿಲ್ಲಿಸಬೇಕಾದವರು ಮಾತ್ರ ನಾವೇ. ಮರಿಗಳು ದಡವೇರುವ ದಿನಗಳಲ್ಲಿ ಬದುವಿನ ಪಕ್ಕ ಔಷಧಿ ಹೊಡೆಯಬೇಡಿರಿ.