ಸ್ಲ್ಯಾಬ್ ಹಾಕಿದ ಮರುದಿನವೇ ಬಿರುಕು ಬಂದರೆ ಸಿಮೆಂಟ್ ಕಲಬೆರಕೆಯೇ?

'24 ಗಂಟೆಯಲ್ಲಿ ಬಿರುಕು ಕಂಡರೆ ಸಿಮೆಂಟ್ ನಕಲಿ, ಮುಂದಿನ ಸಲ ಎರಡು ಮೂಟೆ ಜಾಸ್ತಿ ಹಾಕಿಸಿ' ಎನ್ನುವ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಮೊದಲ ಮಾತಿಗೆ ಆಧಾರ ಸಾಲದು. ಎರಡನೆಯದನ್ನು ನಂಬಿ ನಡೆದರೆ ಬಿರುಕು ಹೆಚ್ಚುವ ಸಾಧ್ಯತೆಯೇ ಜಾಸ್ತಿ.

ಅಸಲಿ ಸಿಮೆಂಟ್ ಕೂಡ ಕುಗ್ಗುತ್ತದೆ. ಸಿಮೆಂಟ್ ಮತ್ತು ನೀರು ಸೇರಿ ಆಗುವ ಗಟ್ಟಿ ವಸ್ತು, ಅವೆರಡೂ ಬೇರೆಬೇರೆ ಇದ್ದಾಗ ಹಿಡಿದಿದ್ದಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ. 100 ಗ್ರಾಂ ಸಿಮೆಂಟ್ ಪೂರ್ತಿ ಪ್ರತಿಕ್ರಿಯಿಸಿದರೆ ಸುಮಾರು 6 ಮಿಲಿಲೀಟರ್ ಕಡಿಮೆಯಾಗುತ್ತದೆ.

ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಈ ಕಾಟ ಜೋರು. 50 ಕೆಜಿ ಮೂಟೆಯ ಸಿಮೆಂಟ್ ಪೂರ್ತಿ ಪ್ರತಿಕ್ರಿಯಿಸಲು ಸುಮಾರು 21 ಲೀಟರ್ ನೀರು ಬೇಕು. ಎತ್ತರದ ಕಟ್ಟಡಗಳ ಕಂಬಗಳಿಗೆ ಬಳಸುವ ಎಂ60, ಎಂ80 ದರ್ಜೆಗಳಲ್ಲಿ ಹಾಕುವುದು 15 ಲೀಟರ್ ಆಸುಪಾಸು. ನೀರು ಕಡಿಮೆಯಾದಷ್ಟೂ ಬಲ ಹೆಚ್ಚು. ಆದರೆ ಬಾಯಾರಿದ ಸಿಮೆಂಟ್ ತನ್ನದೇ ಸೂಕ್ಷ್ಮ ರಂಧ್ರಗಳ ನೀರನ್ನು ಹೀರತೊಡಗುತ್ತದೆ. ಉಳಿದ ನೀರಿನ ಮೇಲ್ಮೈ ಸೆಳೆತ ರಂಧ್ರಗಳ ಗೋಡೆಯನ್ನು ಒಳಕ್ಕೆಳೆಯುತ್ತದೆ. ಪ್ಲಾಸ್ಟಿಕ್ ಹೊದಿಸಿ ಒಂದು ಹನಿಯೂ ಆವಿಯಾಗದಂತೆ ನೋಡಿಕೊಂಡರೂ ಇದು ನಡೆಯುತ್ತದೆ! ಸಿಲಿಕಾ ಫ್ಯೂಮ್ ಬೆರೆಸಿದರೆ ರಂಧ್ರಗಳು ಇನ್ನೂ ಸಣ್ಣದಾಗಿ ಎಳೆತ ಹೆಚ್ಚುತ್ತದೆ. ಕುಗ್ಗಲು ಹೊರಟ ಎಳೆಯ ಕಾಂಕ್ರೀಟನ್ನು ಕಂಬಿಯೋ ಪಕ್ಕದ ಹಳೆ ಗೋಡೆಯೋ ಹಿಡಿದುಕೊಂಡರೆ ಬಿರುಕು ಬಿಡುತ್ತದೆ.

ನಮ್ಮ ಮನೆಗಳ ಸ್ಲ್ಯಾಬ್ ಸಾಮಾನ್ಯವಾಗಿ ಎಂ20 ಅಥವಾ ಎಂ25. ಅಲ್ಲಿ ಈ ಒಳಗಿನ ಕುಗ್ಗುವಿಕೆ ಸಣ್ಣದು. ಮೊದಲ ಕೆಲವು ಗಂಟೆಗಳಲ್ಲೇ ಮೂಡುವ ಬಿರುಕಿಗೆ ಹೆಚ್ಚಾಗಿ ಬಿಸಿಲು, ಗಾಳಿ ಕಾರಣ. ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಮೇಲ್ಭಾಗ ಒಣಗಿಬಿಡುತ್ತದೆ.

ಹಾಗಾದರೆ ಸಿಮೆಂಟ್ ಹೆಚ್ಚು ಹಾಕಿದರೆ? ಕುಗ್ಗುವುದು ಸಿಮೆಂಟ್ ಪೇಸ್ಟ್, ತಡೆಯುವುದು ಜಲ್ಲಿ. ಪೇಸ್ಟ್ ಹೆಚ್ಚಾದರೆ ಕುಗ್ಗುವಿಕೆಯೂ ಬಿಸಿಯೂ ಹೆಚ್ಚು. ಒಂದು ಘನ ಮೀಟರಿಗೆ 450 ಕೆಜಿಗಿಂತ ಹೆಚ್ಚು ಸಿಮೆಂಟ್ ಬಳಸುವುದಾದರೆ ಬಿರುಕಿನ ಅಪಾಯವನ್ನು ವಿನ್ಯಾಸದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಮೇಸ್ತ್ರಿ ಬೇಡವೆಂದರೆ ಅವರು ಕದಿಯುತ್ತಿದ್ದಾರೆ ಎಂದೇ ಅಲ್ಲ.

ಮನೆಯವರು ಮಾಡಬಹುದಾದ್ದು ಕ್ಯೂರಿಂಗ್. ಅದೇ ಮಾನದಂಡದ ಪ್ರಕಾರ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಇರಬೇಕು. ಒಣ ಬಿಸಿಲಿದ್ದರೆ ಇನ್ನೂ ಹೆಚ್ಚು. ಮೇಲ್ಮೈ ಒಣಗುವ ಮುನ್ನವೇ ಹೊದಿಕೆ ಹಾಕಿಸಿ, ಸೆಟ್ ಆದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಅಥವಾ ಕಟ್ಟೆ ಕಟ್ಟಿ ನೀರು ನಿಲ್ಲಿಸಿ.

ಕಲಬೆರಕೆಯ ಅನುಮಾನವಿದ್ದರೆ ಸಿಮೆಂಟಿನ ಮಾದರಿಯನ್ನು ಲ್ಯಾಬಿಗೆ ಕೊಡಿ. ಬಿರುಕು ಸ್ಲ್ಯಾಬಿನ ಆಚೆ ಬದಿಗೂ ಹಾದು ನೀರು ಸೋರುತ್ತಿದ್ದರೆ, ದಿನೇದಿನೇ ಅಗಲವಾಗುತ್ತಿದ್ದರೆ, ಸಿಮೆಂಟ್ ಹಾಲು ಸುರಿದು ಮುಚ್ಚಿಸಬೇಡಿ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.