ಜೆಟ್ ದೋಣಿಯೂ ಗೃಹನಿರ್ಮಾಣವೂ

ನ್ಯೂಜಿಲೆಂಡಿನ ಅನೇಕ ನದಿಗಳು ಕವಲೊಡೆದು, ಮೊಣಕಾಲುದ್ದದ ನೀರಿನಲ್ಲಿ ನುರುಜುಗಲ್ಲುಗಳ ಮೇಲೆ ಹರಿಯುತ್ತವೆ. ಅಲ್ಲಿ ಸಾಮಾನ್ಯ ಮೋಟಾರು ದೋಣಿಯ ಪ್ರೊಪೆಲರು ಕಲ್ಲಿಗೆ ಬಡಿದು ಮುರಿಯುವುದು ಸಹಜ. ಇದಕ್ಕೆ ಪರಿಹಾರವಾಗಿ ಬಿಲ್ ಹ್ಯಾಮಿಲ್ಟನ್ನರು 1950ರ ದಶಕದಲ್ಲಿ ಜೆಟ್ ದೋಣಿಯನ್ನು ರೂಪಿಸಿದರು. 1977ರಲ್ಲಿ ಎಡ್ಮಂಡ್ ಹಿಲರಿಯವರು ಗಂಗಾಸಾಗರದಿಂದ ಪ್ರವಾಹಕ್ಕೆದುರಾಗಿ ನಂದಪ್ರಯಾಗದವರೆಗೆ ಏರಿದುದು ಇಂತಹ ದೋಣಿಗಳಲ್ಲಿಯೇ.

ಇಂದು ಆ ದೇಶದಲ್ಲಿಯೂ ಅಮೆರಿಕದಲ್ಲಿಯೂ ಹವ್ಯಾಸಿಗಳು ಹಳೆಯ ವಾಟರ್ ಸ್ಕೂಟರಿನ ಎಂಜಿನನ್ನೂ ಪಂಪನ್ನೂ ಬಿಚ್ಚಿ, ಮನೆಯಲ್ಲಿಯೇ ಸಣ್ಣ ಅಲ್ಯುಮಿನಿಯಂ ದೋಣಿಗೆ ಜೋಡಿಸುತ್ತಾರೆ. ತಳವನ್ನು ಕತ್ತರಿಸಿ, ನೀರು ಹೀರುವ ಬಾಯಿಯನ್ನು ಬೆಸುಗೆಯಿಂದ ಕೂರಿಸುತ್ತಾರೆ. ಜಾಲರಿಯ ಮೂಲಕ ಒಳಬಂದ ನೀರನ್ನು ಪಂಪಿನ ಚಕ್ರವು ರಭಸದಿಂದ ಹಿಂದಕ್ಕೆ ಚಿಮ್ಮಿಸಲು, ದೋಣಿಯು ಮುಂದೆ ಸಾಗುತ್ತದೆ. ಪ್ರತ್ಯೇಕ ಚುಕ್ಕಾಣಿಯಿಲ್ಲ, ನೀರು ಚಿಮ್ಮುವ ಮೂತಿಯೇ ಆ ಕೆಲಸ ಮಾಡುತ್ತದೆ.

ಅಪಾಯವೂ ಅಲ್ಲಿಯೇ ಇದೆ. ಎದುರಿಗೆ ಬಂಡೆ ಕಂಡಾಗ ಗಾಬರಿಯಿಂದ ವೇಗವನ್ನು ಪೂರ್ತಿ ತಗ್ಗಿಸಿದರೆ ನೀರಿನ ಚಿಮ್ಮುವಿಕೆ ಕುಗ್ಗಿ, ದೋಣಿಯು ತಿರುಗದೆ ನೇರವಾಗಿ ಬಂಡೆಯತ್ತಲೇ ಧಾವಿಸುತ್ತದೆ. ತಿರುಗಬೇಕಾದರೆ ಎಂಜಿನಿಗೆ ಶಕ್ತಿ ಕೊಡುತ್ತಲೇ ಇರಬೇಕು. ಮುಚ್ಚಿದ ಎಂಜಿನ್ ಗೂಡಿನಲ್ಲಿ ಪೆಟ್ರೋಲಿನ ಆವಿ ತಳದಲ್ಲಿ ಶೇಖರವಾಗಿ ಕಿಡಿಯಿಂದ ಸ್ಫೋಟಿಸಬಹುದು. ಚಾಲನೆಗೆ ಮುನ್ನ ಅದನ್ನು ಫ್ಯಾನಿನಿಂದ ಹೊರದೂಡಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಕಂಡೊಡನೆ ಎಂಜಿನನ್ನು ನಿಲ್ಲಿಸಿ ಶುದ್ಧವಾಯುವಿಗೆ ಬರತಕ್ಕದ್ದು. ಜೀವರಕ್ಷಕ ಜಾಕೆಟ್ಟು ಧರಿಸಿ, ವಿಶಾಲವಾದ ಶಾಂತ ನೀರಿನಲ್ಲಿ ತಿರುವುಗಳನ್ನು ಅಭ್ಯಾಸ ಮಾಡಿದ ಮೇಲೆಯೇ ಹರಿಯುವ ನದಿಗೆ ಇಳಿಯುವುದು ವಿಹಿತ.