ಉಪ್ಪಾಗೆ ಮತ್ತು ಬೊಜ್ಜು: ನಂಬಿಕೆ, ಸತ್ಯ

ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಎಲೆಯುದುರುವ ಕಾಡನ್ನು ಹಿಂದೆ ಬಿಟ್ಟು ದಾಂಡೇಲಿಯಿಂದ ಜೋಯಿಡಾದ ನಿತ್ಯಹರಿದ್ವರ್ಣ ಕಾಡಿನತ್ತ ಸಾಗಿದಂತೆ ಮುರುಗಲು, ಉಪ್ಪಾಗೆಯಂಥ ಹುಳಿಹಣ್ಣಿನ ಮರಗಳು ಎದುರಾಗುತ್ತವೆ. ಇವುಗಳಲ್ಲಿ ಉಪ್ಪಾಗೆಯ ಸಿಪ್ಪೆಯ ಸಾರವು ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬ ಗುಳಿಗೆಯಾಗಿ ದೇಶವಿದೇಶಗಳಲ್ಲಿ ಮಾರಾಟವಾಗುತ್ತಿದೆ.

ತಪ್ಪು ಕಲ್ಪನೆ: ಉಪ್ಪಾಗೆ ಬೊಜ್ಜನ್ನು ಕರಗಿಸುತ್ತದೆ.

ಸತ್ಯ: ಈ ನಂಬಿಕೆ ಪೂರ್ತಿ ಬುಡವಿಲ್ಲದ್ದಲ್ಲ, ಅದು ಬೇರೂರಲು ಕಾರಣವೂ ಅದೇ. ಸಿಪ್ಪೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬುದನ್ನು 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಜೀವಕೋಶವು ಸಕ್ಕರೆಯಿಂದ ಕೊಬ್ಬನ್ನು ತಯಾರಿಸುವಾಗ ಸಿಟ್ರೇಟನ್ನು ಸೀಳುವ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನು, ಬೇಕಾಗುತ್ತದೆ. ಈ ಆಮ್ಲವು ಆ ಕಿಣ್ವವನ್ನು ತಡೆಯುವುದರಿಂದ ಇಲಿಗಳಲ್ಲಿ ಕೊಬ್ಬಿನ ಉತ್ಪತ್ತಿ ಕುಗ್ಗಿದ್ದು ನಿಜ. ಆದರೆ ಹೊಸ ಕೊಬ್ಬನ್ನು ತಡೆಯುವುದು ಬೇರೆ, ಇರುವುದನ್ನು ಕರಗಿಸುವುದು ಬೇರೆ. ಮೇಲಾಗಿ ಮನುಷ್ಯರ ಮೈಯಲ್ಲಿ ಶೇಖರವಾಗುವ ಕೊಬ್ಬಿನ ದೊಡ್ಡ ಪಾಲು ಊಟದ ಎಣ್ಣೆ, ತುಪ್ಪಗಳಿಂದಲೇ ಬರುವುದರಿಂದ ಈ ಕಿಣ್ವದ ತಡೆಗೆ ಅಷ್ಟೇನೂ ಮಹತ್ವ ಉಳಿಯುವುದಿಲ್ಲ. ಅಮೆರಿಕದಲ್ಲಿ 135 ಮಂದಿ ಸ್ಥೂಲಕಾಯರನ್ನು ಪಥ್ಯದಲ್ಲಿಟ್ಟು 12 ವಾರ ನಡೆಸಿದ, 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಾರದ ಗುಳಿಗೆ ನುಂಗಿದವರು ಸರಾಸರಿ 3.2 ಕಿಲೋ ಇಳಿದರೆ, ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದವರು 4.1 ಕಿಲೋ ಇಳಿದರು; ಸಂಖ್ಯಾಶಾಸ್ತ್ರದ ಪ್ರಕಾರ ಎರಡರಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಅದೇ ಹಣ್ಣಿನ ಬೀಜದಿಂದ ಉತ್ತರ ಕನ್ನಡದ ಮನೆಗಳಲ್ಲಿ ‘ಉಪ್ಪಾಗೆ ತುಪ್ಪ’ವೆಂಬ ಅಡುಗೆಯ ಕೊಬ್ಬನ್ನೇ ತೆಗೆಯುತ್ತಾರೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ತಪ್ಪು ಕಲ್ಪನೆ: ಕಾಡಿನ ಹಣ್ಣಾದ್ದರಿಂದ ಅದರಿಂದ ಅಪಾಯವಿಲ್ಲ.

ಸತ್ಯ: ಸಸ್ಯಜನ್ಯವಾದದ್ದೆಲ್ಲ ಸಾಧುವಲ್ಲವೆಂಬುದು ಗೆಡ್ಡೆಗೆಣಸು ಬೆಳೆಯುವ ಜೋಯಿಡಾದ ಕುಣಬಿ ಸಮುದಾಯದವರಿಗೆ ಹೊಸ ಮಾತಲ್ಲ; ಸರಿಯಾಗಿ ಬೇಯದ ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಬಾಯಿ, ಗಂಟಲನ್ನು ಚುಚ್ಚಿ ತುರಿಕೆ ತರುತ್ತವೆ. ಸಾರಿಗೆ ಹುಳಿಯಾಗಿ ಬೀಳುವ ಒಂದೆರಡು ಸಿಪ್ಪೆಗೂ ದಿನವೂ ನುಂಗುವ ಸಾಂದ್ರ ಸಾರಕ್ಕೂ ಪ್ರಮಾಣದಲ್ಲಿ ಬಹಳ ಅಂತರವಿದ್ದು, ಇಂಥ ಗುಳಿಗೆ ಸೇವಿಸಿದವರಲ್ಲಿ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ, ತೀವ್ರ ಹಾನಿಯಾಗಿ ಕೆಲವರಿಗೆ ಕಸಿ ಮಾಡಬೇಕಾಗಿ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಗುಳಿಗೆ ಸೇವಿಸುತ್ತಿರುವವರಿಗೆ ಹಸಿವು ಕಟ್ಟಿದರೆ, ಕಣ್ಣು ಹಳದಿಗಟ್ಟಿದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಅದನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನುಂಗಿದ್ದು ‘ಬರೀ ಹಣ್ಣಿನ ಪುಡಿ’ ಎಂದು ಮುಚ್ಚಿಡದೆ ಡಬ್ಬಿಯನ್ನೇ ಜೊತೆಗೆ ಒಯ್ಯಬೇಕು.